ಅಪ್ಪನ ದನಿಯ ಬಾಟ್ ಅಮ್ಮನ್ನ ‘ಮಗಾ’ ಅಂದಾಗ

ಪ್ರಶ್ನೆ: ಮೇಡಂ, ನಾನು ಬೆಂಗಳೂರಲ್ಲಿ ಕೆಲಸ ಮಾಡ್ತೀನಿ, ಊರು ಅರಸೀಕೆರೆ ಹತ್ರ. ಅಪ್ಪ ಕೆಎಸ್‌ಆರ್‌ಟಿಸಿ ಕಂಡಕ್ಟರ್ ಆಗಿ ರಿಟೈರ್ ಆಗಿದ್ರು, 8 ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಹೋಗ್ಬಿಟ್ರು. ತಮ್ಮ ಟೊರಾಂಟೋದಲ್ಲಿದಾನೆ, ಮಣ್ಣಿಗೆ ಬರೋಕಾಗ್ಲಿಲ್ಲ, ವಿಡಿಯೋ ಕಾಲಲ್ಲೇ ನೋಡಿದ. 2 ತಿಂಗಳ ಹಿಂದೆ ಅವನು ಫ್ಯಾಮಿಲಿ ಗ್ರೂಪಿನ ಚಾಟು, ಅಪ್ಪ ನಮ್ಮಿಬ್ಬರಿಗೂ ಕಳಿಸ್ತಿದ್ದ ವಾಯ್ಸ್ ನೋಟು ಎಲ್ಲಾ ಸೇರ್ಸಿ, ಹಿಂದುಗಡೆ ಅಮ್ಮ ಕೂಗೋದು, ಕುಕ್ಕರ್ ವಿಷಲ್ಲು ಎಲ್ಲಾ ತೆಗ್ದು ಕ್ಲೀನ್ ಮಾಡಿ, ಒಂದು ಆಪ್‌ಗೆ ಹಾಕಿ ಅಪ್ಪನ ಥರಾನೇ ಮಾತಾಡೋ ಬಾಟ್ ಮಾಡಿದಾನೆ. ಅಮ್ಮ ದಿನಾ ರಾತ್ರಿ ಊಟ ಆದ್ಮೇಲೆ ಅದ್ರ ಜೊತೆ ಮಾತಾಡ್ತಾರೆ. ಒಂದಿನ ಅದು ಅಮ್ಮನ್ನ ‘ಮಗಾ’ ಅಂತು, ಅಪ್ಪ ನಮ್ಮನ್ನ ಕರೀತಿದ್ದಿದ್ದು ಹಂಗೆ. ಅಮ್ಮ ಒಂದು ನಿಮಿಷ ಸುಮ್ನಿದ್ದು ಆಮೇಲೆ ನಕ್ಬಿಟ್ರಂತೆ. ಹೋದ ವಾರ ಹಾಸನದ ಸೈಟ್ ಮಾರ್ಲಾ ಅಂತ ಕೇಳಿದಾರೆ, ಅದು ‘ಮಾರ್ಬಿಡು, ಒಳ್ಳೇದಾಗುತ್ತೆ, ರೈಟ್ ರೈಟ್’ ಅಂದಿದೆ. ನಂಗೂ ತಮ್ಮಂಗೂ ದೊಡ್ಡ ಜಗಳ ಆಗಿ ಈಗ ಮಾತೇ ಇಲ್ಲ. ದೊಡ್ಡಪ್ಪ ಬೇರೆ ಇದ್ರಿಂದ ಆತ್ಮಕ್ಕೆ ಶಾಂತಿ ಸಿಗಲ್ಲ ಅಂತಿದಾರೆ. ನಿಜ ಹೇಳ್ಬೇಕಂದ್ರೆ ನಾನೂ ಒಂದಿನ ಅದ್ರ ಜೊತೆ ಅರ್ಧ ಗಂಟೆ ಮಾತಾಡಿದೀನಿ. ಅಮ್ಮಂಗೆ ಏನಾದ್ರೂ ತೊಂದ್ರೆ ಆಗಿದ್ಯಾ? ಇದನ್ನ ಡಿಲೀಟ್ ಮಾಡಿಸ್ಬೇಕಾ?

ಉತ್ತರ: ನಿಮ್ಮ ಕಾಗದ ಮೂರು ಸಲ ಓದ್ದೆ. ಮೊದಲ ಸಲ ಸೈಟ್ ವಿಷಯ ಓದಿ ಗಾಬರಿ ಆಯ್ತು, ಎರಡನೇ ಸಲ ಆ ‘ಮಗಾ’ ಅನ್ನೋ ಕಡೆ ನಿಂತ್ಬಿಟ್ಟೆ, ಮೂರನೇ ಸಲ ಓದುವಾಗ ನಿಮ್ಮ ತಮ್ಮ ಕಾಣಿಸಿದ. ಅದೇ ಕ್ರಮದಲ್ಲಿ ಹೇಳ್ತಾ ಹೋಗ್ತೀನಿ, ಮಧ್ಯ ಮಧ್ಯ ದಾರಿ ತಪ್ಪಿದ್ರೆ ಕ್ಷಮಿಸಿ, 20 ವರ್ಷ ಜನರ ದುಃಖ ಕೇಳಿ ಕೇಳಿ ನಂಗೂ ನೇರವಾಗಿ ಮಾತಾಡೋ ಅಭ್ಯಾಸ ಹೋಗಿದೆ.

ಸೈಟ್ ಮಾರೋ ಮಾತು ಇವತ್ತೇ ನಿಲ್ಸಿ. ಮಾರಲೇಬಾರದು ಅಂತಲ್ಲ, ಅದು ನೀವು, ಅಮ್ಮ, ತಮ್ಮ ಮೂರು ಜನ ಕೂತು, ಪತ್ರ ನೋಡ್ಕೊಂಡು, ಬೇಕಿದ್ರೆ ವಕೀಲರನ್ನ ಕೇಳಿ ತೀರ್ಮಾನ ಮಾಡೋ ವಿಷಯ. ಆ ಬಾಟ್‌ಗೆ ಹಾಸನದ ಸೈಟ್ ಅಂದ್ರೆ ಏನು, ಅದ್ರ ಮೇಲೆ ಸಾಲ ಇದ್ಯಾ, ಅಪ್ಪ ಅದನ್ನ ಯಾರಿಗೆ ಅಂತ ಇಟ್ಟಿದ್ರು, ಒಂದೂ ಗೊತ್ತಿಲ್ಲ. ಅದು ಕೆಲಸ ಮಾಡೋ ರೀತಿ ಏನಂದ್ರೆ, ಒಳಗೆ ಒಂದು ದೊಡ್ಡ ಲ್ಯಾಂಗ್ವೇಜ್ ಮಾಡೆಲ್ ಕೂತಿರುತ್ತೆ, ರಾಶಿ ರಾಶಿ ಬರಹ ನುಂಗಿ ಯಾವ ಮಾತಿನ ಮುಂದೆ ಯಾವ ಮಾತು ಬಂದ್ರೆ ಹೊಂದುತ್ತೆ ಅಂತ ಕಲ್ತಿರುತ್ತೆ, ನಿಮ್ಮ ತಮ್ಮ ಹಾಕಿದ ಚಾಟು ಅದಕ್ಕೆ ಮೇಲಿಂದ ಬಳಿದ ಬಣ್ಣ ಅಷ್ಟೇ, ‘ಈ ಮನುಷ್ಯ ಹಿಂಗೆ ಮಾತಾಡ್ತಾನೆ, ನೀನೂ ಹಂಗೇ ಮಾತಾಡು’ ಅಂತ. ದನಿದು ಬೇರೆ ಯಂತ್ರ. ಅದಕ್ಕೀಗ ಗಂಟೆಗಟ್ಟಲೆ ರೆಕಾರ್ಡಿಂಗೂ ಬೇಕಿಲ್ಲ, 2022ರ ಜೂನಲ್ಲೇ ಅಮೆಜಾನ್‌ನೋರು ಒಂದು ನಿಮಿಷಕ್ಕಿಂತ ಕಡಿಮೆ ರೆಕಾರ್ಡಿಂಗ್ ಇದ್ರೂ ಸಾಕು ಅಂತ ಹೇಳಿ, ಅಲೆಕ್ಸಾ ಒಂದು ಮಗುಗೆ ತೀರಿಹೋದ ಅಜ್ಜಿ ದನಿಯಲ್ಲಿ ಕಥೆ ಓದೋದನ್ನ ಸ್ಟೇಜ್ ಮೇಲೆ ತೋರಿಸಿದ್ರು. ಈ ಮಾಡೆಲ್‌ಗಳಿಗೆ ಇನ್ನೊಂದು ಕೆಟ್ಟ ಚಾಳಿ ಇದೆ, ಕೇಳೋರ ಮನಸ್ಸು ಯಾವ ಕಡೆ ವಾಲಿದ್ಯೋ ಆ ಕಡೆಗೇ ಹೂಂಗುಟ್ಟೋದು. ಅಮ್ಮ ಕೇಳಿದ ರೀತಿಲೇ ಮಾರೋ ಮನಸ್ಸು ಕಾಣಿಸಿರುತ್ತೆ, ಅದು ಮಾರ್ಬಿಡು ಅಂತು. ನಾಳೆ ಅಮ್ಮನ ಕೈಲೇ ‘ಮಾರೋದು ಬೇಡ ಅಲ್ವಾ’ ಅಂತ ಕೇಳ್ಸಿ ನೋಡಿ, ಅದಕ್ಕೂ ಸೈ ಅನ್ನೋ ಸಾಧ್ಯತೆ ಜಾಸ್ತಿ. ಇದನ್ನ ಅಮ್ಮಂಗೆ ಪಾಠ ಮಾಡಿ ಹೇಳೋ ಬದ್ಲು ಅವರ ಎದುರಿಗೇ ಒಂದ್ಸಲ ಹಿಂಗೆ, ಒಂದ್ಸಲ ಹಂಗೆ ಕೇಳಿ ತೋರ್ಸಿ. ಕಂಡಕ್ಟರ್ ಹೆಂಡ್ತಿ ಅಲ್ವಾ, ಚಿಲ್ಲರೆ ಲೆಕ್ಕ ತಪ್ಪಿದ್ರೆ ಗೊತ್ತಾಗಲ್ವಾ ಅವರಿಗೆ.

ದುಡ್ಡು, ಆಸ್ತಿ, ಮಾತ್ರೆ, ಮದುವೆ ಈ ನಾಲ್ಕು ವಿಷಯ ಅದ್ರ ಹತ್ರ ಎತ್ತೋದು ಬೇಡ ಅಂತ ಮನೇಲಿ ಒಂದು ಮಾತು ಮಾಡ್ಕೊಳ್ಳಿ. ಅಪ್ಪನ ದನಿಯಲ್ಲಿ ಬೇರೆ ನಂಬರಿಂದ ಯಾರಾದ್ರೂ ಫೋನ್ ಮಾಡಿ ದುಡ್ಡು ಕೇಳಿದ್ರೆ ಅಮ್ಮ ನಂಬಲ್ಲ ಬಿಡಿ, ಅಪ್ಪ ಇಲ್ಲ ಅಂತ ಅವರಿಗೆ ಗೊತ್ತು. ನಿಮ್ಮ ತಮ್ಮನ ದನಿಯಲ್ಲಿ ಕೇಳಿದ್ರೆ? ದನಿ ನಕಲು ಮಾಡಿ ದುಡ್ಡು ಕಿತ್ಕೊಳ್ಳೋ ಕಳ್ಳರೂ ಈಗ ಇದಾರೆ, ಆ ಎಚ್ಚರಿಕೆನೂ ಇದ್ರ ಜೊತೆಲೇ ಹೇಳ್ಬಿಡಿ.

ಈಗ ‘ಮಗಾ’ ವಿಷಯ. ನೀವು ಇದನ್ನ ಒಂದು ತಮಾಷೆ ಥರ ಎರಡು ಸಾಲಲ್ಲಿ ಬರ್ದು ಮುಂದೆ ಹೋಗಿದೀರ, ನಂಗೆ ಇಡೀ ಕಾಗದದಲ್ಲಿ ಮುಖ್ಯ ಅನ್ನಿಸಿದ್ದೇ ಅದು. ಯೋಚ್ನೆ ಮಾಡಿ, ಆ ಬಾಟ್ ಒಳಗೆ ಏನಿದೆ? ಅಪ್ಪ ನಿಮಗೆ ಕಳಿಸಿದ ಮೆಸೇಜು, ತಮ್ಮಂಗೆ ಕಳಿಸಿದ ವಾಯ್ಸ್ ನೋಟು, ಗ್ರೂಪಲ್ಲಿ ಹಾಕಿದ ಗುಡ್ ಮಾರ್ನಿಂಗು. ಅಂದ್ರೆ ದೂರ ಇರೋ ಮಕ್ಕಳ ಜೊತೆ ಆಡಿದ ಮಾತು. ಅಮ್ಮಂಗೆ ಅವರು ವಾಯ್ಸ್ ನೋಟ್ ಯಾಕೆ ಕಳಿಸ್ತಾರೆ, ಒಂದೇ ಮನೇಲಿದ್ರು, ಅವರು ಜಗಲಿ ಮೇಲೆ ಇವರು ಅಡುಗೆ ಮನೇಲಿ. ಅಷ್ಟು ವರ್ಷದ ಸಂಸಾರದಲ್ಲಿ ಗಂಡ ಹೆಂಡ್ತಿ ಆಡಿದ ಮಾತು ಯಾವ ಫೋನಲ್ಲೂ ಇಲ್ಲ. ‘ಲೇ ಇವ್ಳೇ, ನೀರು ತಾ’ ಅನ್ನೋದು, ಉಪ್ಪು ಜಾಸ್ತಿ ಆಯ್ತು ಅಂತ ತಟ್ಟೆ ಸ್ವಲ್ಪ ಮುಂದಕ್ಕೆ ತಳ್ಳೋದು, ಜಗಳ ಆದ್ಮೇಲೆ ಎರಡು ದಿನ ಮಾತು ಬಿಟ್ಟು ಮೂರನೇ ದಿನ ಏನೂ ಆಗೇ ಇಲ್ಲ ಅನ್ನೋ ಥರ ಸಂತೆಯಿಂದ ಮಲ್ಲಿಗೆ ಹೂ ತಂದು ಫ್ರಿಜ್ ಮೇಲಿಡೋದು (ನಿಮ್ಮಪ್ಪ ಹಂಗೆ ಮಾಡ್ತಿದ್ರೋ ಇಲ್ವೋ ನಂಗೊತ್ತಿಲ್ಲ, ನಮ್ಮಪ್ಪ ಮಾಡ್ತಿದ್ರು). ಅದೆಲ್ಲಾ ಅಮ್ಮನ ತಲೆಲಿದೆ, ಸರ್ವರಲ್ಲಿಲ್ಲ. ಹಾಗಾಗಿ ಬಾಟಲ್ಲಿರೋದು ನಿಮ್ಮಪ್ಪನ ಒಂದು ಪಾಲು, ಅಮ್ಮನ ಗಂಡ ಅದ್ರಲ್ಲಿ ಇಲ್ವೇ ಇಲ್ಲ. ಮಾತಾಡ್ತಿರೋದು ಹೆಂಡ್ತಿ ಅಂತ ಯಾರಾದ್ರೂ ಹೇಳ್ದೇ ಇದ್ರೆ ಅದಕ್ಕೆ ಗೊತ್ತಾಗೋ ದಾರಿನೇ ಇಲ್ಲ, ಎದುರಿಗೆ ಯಾರು ಬಂದ್ರೂ ಅದಕ್ಕೆ ಮಗಾನೇ.

ಮತ್ತೆ ಅಮ್ಮ ನಕ್ರು ಅಂದ್ರಲ್ಲ, ಆ ನಗುಲಿ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಇದೆ. ಇದೇ ನನ್ನ ಗಂಡ ಅಂತ ನಂಬಿದೋರಿಗೆ ಆ ಕ್ಷಣದಲ್ಲಿ ನಗು ಬರಲ್ಲ, ಅಳು ಬರುತ್ತೆ ಇಲ್ಲಾ ಸಿಟ್ಟು ಬರುತ್ತೆ. ಅಮ್ಮಂಗೆ ಅದು ಯಂತ್ರ ಅಂತ ಗೊತ್ತಿದೆ. ಗೊತ್ತಿದ್ದೂ ಮಾತಾಡ್ತಿದಾರೆ. ಇದು ಹುಚ್ಚಲ್ಲ, ಇದು ಏನು ಅಂತ ಮುಂದೆ ಹೇಳ್ತೀನಿ.

‘ರೈಟ್ ರೈಟ್’ ಬಗ್ಗೆ ಒಂದು ಮಾತು. ಅಪ್ಪ ನಿಜವಾಗ್ಲೂ ಎಷ್ಟು ಸಲ ಹಂಗಂತಿದ್ರು? ಫೋನ್ ಇಡುವಾಗ ಯಾವಾಗ್ಲೋ ಒಂದ್ಸಲ, ಖುಷಿಲಿದ್ದಾಗ? ಯಂತ್ರಕ್ಕೆ ಆ ಯಾವಾಗ್ಲೋ ಅನ್ನೋದು ಸರಿಯಾಗಿ ಸಿಗಲ್ಲ, ಗುರುತು ಹಿಡಿಯೋಕೆ ಸುಲಭವಾದ ಮಾತು ಸಿಕ್ರೆ ಅದನ್ನೇ ಎಲ್ಲಾ ಕಡೆ ಅಂಟಿಸುತ್ತೆ, ಮಿಮಿಕ್ರಿ ಮಾಡೋರು ಅಣ್ಣಾವ್ರ ದನಿ ಅಂದ ತಕ್ಷಣ ಅದೇ ಎರಡು ಡೈಲಾಗ್ ಹೊಡೀತಾರಲ್ಲ ಹಂಗೆ. ನಂಗಿರೋ ಭಯ ಇದೇನೇ. ನೆನಪು ಗಟ್ಟಿ ಪದಾರ್ಥ ಅಲ್ಲ, ಪ್ರತೀ ಸಲ ತೆಗೆದು ನೋಡಿದಾಗ್ಲೂ ಸ್ವಲ್ಪ ತಿದ್ದಿ ಒಳಗಿಡ್ತೀವಿ. ದಿನಾ ರಾತ್ರಿ ಈ ರೈಟ್ ರೈಟ್ ಕೇಳ್ತಾ ಹೋದ್ರೆ ಒಂದೆರಡು ವರ್ಷ ಆದ್ಮೇಲೆ ಅಪ್ಪ ಅಂದ ತಕ್ಷಣ ನೆನಪಾಗೋದು ಅಪ್ಪನೋ ಮಿಮಿಕ್ರಿನೋ ಅನ್ನೋದು ನಂಗೆ ಪ್ರಶ್ನೆನೇ.

ತೀರಿಹೋದವರ ಜೊತೆ ಮಾತಾಡೋದೇ ಕಾಯಿಲೆನಾ? ಅಲ್ಲ. 1971ರಲ್ಲಿ ಡೀವಿ ರೀಸ್ ಅಂತ ವೇಲ್ಸ್‌ನ ಒಬ್ಬ ಹಳ್ಳಿ ಡಾಕ್ಟರ್ ತಮ್ಮ ಕಡೆಯ 293 ಜನ ವಿಧವೆಯರನ್ನ, ವಿಧುರರನ್ನ ಮಾತಾಡ್ಸಿ ನೋಡಿದ್ರು. ಹತ್ತಿರ ಹತ್ತಿರ ಅರ್ಧ ಜನಕ್ಕೆ ಗಂಡನೋ ಹೆಂಡ್ತಿನೋ ಮನೇಲೇ ಇದಾರೆ ಅನ್ನಿಸಿತ್ತು, ಕೆಲವರು ದನಿ ಕೇಳಿದ್ರು, ಕೆಲವರು ಮಾತಾಡಿದ್ರು. ಬಹುಪಾಲು ಜನ ಅದನ್ನ ಯಾರಿಗೂ ಹೇಳಿರ್ಲಿಲ್ಲ, ಹುಚ್ಚು ಅಂತಾರೆ ಅಂತ ಭಯ ಇರುತ್ತಲ್ಲ. ಆದ್ರೆ ಬಹಳ ಜನಕ್ಕೆ ಅದ್ರಿಂದ ಆಗಿದ್ದು ಸಮಾಧಾನ. ನಮ್ಮ ವೃತ್ತಿಲೂ ಮೊದ್ಲು ಬೇರೆ ಥರ ಯೋಚ್ನೆ ಇತ್ತು, 1917ರಲ್ಲಿ ಫ್ರಾಯ್ಡ್ ಬರೆದಿದ್ದ ಪ್ರಬಂಧದ ಪ್ರಭಾವದಿಂದ ಸತ್ತವರ ಜೊತೆಗಿನ ನಂಟನ್ನ ನಿಧಾನಕ್ಕೆ ಬಿಡಿಸ್ಕೊಳ್ಳೋದೇ ದುಃಖದ ಕೆಲಸ ಅಂತ ಬಹಳ ಕಾಲ ನಂಬಿದ್ರು. 1996ರಲ್ಲಿ ಕ್ಲಾಸ್, ಸಿಲ್ವರ್‌ಮನ್, ನಿಕ್‌ಮನ್ ಅನ್ನೋ ಮೂರು ಜನ ಸೇರಿ ಅದನ್ನ ತಿರುಗಿಸಿದ್ರು, ನಂಟು ಕಡಿಯಲ್ಲ, ರೂಪ ಬದಲಾಗುತ್ತೆ ಅಂತ. ನಮ್ಮ ಅಜ್ಜಿಯರನ್ನ ಕೇಳಿದ್ರೆ ಇದನ್ನ ಮೊದ್ಲೇ ಹೇಳ್ತಿದ್ರು ಅನ್ನಿ. ನಾನೇ ನಮ್ಮಣ್ಣ ಹೋಗಿ 6 ವರ್ಷ ಆದ್ರೂ ಅವನ ನಂಬರ್ ಫೋನಿಂದ ತೆಗೆದಿಲ್ಲ, ಈಗ ಅದು ಯಾರ ಹತ್ರ ಇದ್ಯೋ ಏನೋ, ಆ ನಂಬರಿನ ಡಿಪಿಲಿ ಯಾವುದೋ ಮಗು ಫೋಟೋ ಇದೆ.

8 ತಿಂಗಳಾದ್ರೂ ಅಮ್ಮ ಇನ್ನೂ ಹಿಂಗಿದಾರಲ್ಲ ಅಂತ ನಿಮ್ಮ ಮಾತಿನ ಹಿಂದೆ ಒಂದು ಆತಂಕ ಇದೆ. ದುಃಖ ಮುಗೀದೆ ಹಾಗೇ ಗಟ್ಟಿಯಾಗಿ ಉಳಿದ್ಬಿಡೋದಕ್ಕೆ ಈಗ ಡಾಕ್ಟರುಗಳ ಪಟ್ಟಿಲಿ ಒಂದು ಹೆಸರು ಬಂದಿದೆ, ದೀರ್ಘಕಾಲದ ಶೋಕದ ಕಾಯಿಲೆ ಅಂತ ಅನ್ನಬಹುದು. ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಪ್ರಕಾರ ಕನಿಷ್ಠ 6 ತಿಂಗಳು ದಾಟಿರಬೇಕು, 2022ರಲ್ಲಿ ಬಂದ ಅಮೆರಿಕದ ಪಟ್ಟಿ ಪ್ರಕಾರ ದೊಡ್ಡವರಿಗೆ 12 ತಿಂಗಳು. ಬರೀ ತಿಂಗಳು ಲೆಕ್ಕ ಹಾಕಿ ಹೇಳೋದಲ್ಲ ಇದು, ಆ ಊರಿನ, ಆ ಜನರ ರೂಢಿಗಿಂತ ಜಾಸ್ತಿ ಆಗಿದ್ಯಾ ಅಂತಲೂ ನೋಡ್ಬೇಕು ಅಂತ ಅದರಲ್ಲೇ ಇದೆ. ನಿಮ್ಮಲ್ಲಿ ಇನ್ನೂ ವರ್ಷದ ತಿಥಿನೇ ಆಗಿಲ್ಲ! ನಾನು ಕೇಳೋ ಪ್ರಶ್ನೆಗಳು ಬೇರೆ. ಅಮ್ಮ ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದಾರಾ, ಅಕ್ಕಪಕ್ಕದ ಮನೆಗೆ ಹೋಗಿ ಬಂದು ಮಾಡ್ತಿದಾರಾ, ಮದುವೆ ಮುಂಜಿಗೆ ಕರೆದ್ರೆ ಏನಂತಾರೆ, ರಾತ್ರಿ ಅದ್ರ ಜೊತೆ ಮಾತಾಡಿದ್ಮೇಲೆ ನಿದ್ದೆ ಬರುತ್ತಾ ಅಥ್ವಾ ಒಂದು ಗಂಟೆ ಎರಡು ಗಂಟೆವರೆಗೂ ಅದೇನಾ? ನೆಟ್ ಇಲ್ದೆ ಒಂದಿನ ಬಾಟ್ ಬರ್ಲಿಲ್ಲ ಅಂದ್ರೆ ಸ್ವಲ್ಪ ಬೇಜಾರಾಗ್ತಾರಾ ಅಥ್ವಾ ಕೈಕಾಲು ಆಡಲ್ವಾ? ನೀವು ಬರೆದಿದ್ದು ನೋಡಿದ್ರೆ ಊಟ ಆದ್ಮೇಲೆ ಅಂತಿದೀರ, ಅಂದ್ರೆ ಊಟ ಆಗ್ತಿದೆ, ಅದಕ್ಕೊಂದು ಹೊತ್ತೂ ಇದೆ. ನಂಗೆ ಸದ್ಯಕ್ಕೆ ದೊಡ್ಡ ಭಯ ಏನೂ ಕಾಣ್ತಿಲ್ಲ. ಆದ್ರೆ ‘ನಾನೂ ಅವರ ಹತ್ರ ಹೋಗ್ಬಿಡ್ತೀನಿ’ ಅನ್ನೋ ಥರದ ಮಾತು ಒಂದೇ ಒಂದ್ಸಲ ಬಂದ್ರೂ, ಬಾಟ್‌ಗೆ ಹೇಳಿದ್ರೂ ಸರಿ ನಿಮಗೆ ಹೇಳಿದ್ರೂ ಸರಿ, ಕಾಯ್ಬೇಡಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ.

ದೊಡ್ಡಪ್ಪ ಹೇಳಿದ ಆತ್ಮದ ಶಾಂತಿ ಬಗ್ಗೆ ನಂಗೇನೂ ಗೊತ್ತಿಲ್ಲ, ಅದು ನನ್ನ ಸಬ್ಜೆಕ್ಟ್ ಅಲ್ಲ. ಆದ್ರೆ ಅವರ ಮಾತನ್ನ ಹಳೇ ಕಾಲದೋರು ಅಂತ ತಳ್ಳಿ ಹಾಕ್ಬೇಡಿ, ಅದರಲ್ಲಿ ಹುರುಳಿದೆ. ನಿಮ್ಮ ಕಡೆ ಪಿತೃಪಕ್ಷಕ್ಕೆ ಎಡೆ ಇಡ್ತೀರಲ್ಲ, ಅದು ಹೆಂಗೆ ನಡೆಯುತ್ತೆ ನೆನಪು ಮಾಡ್ಕೊಳ್ಳಿ. ಹೋದವರಿಗೆ ಇಷ್ಟ ಇದ್ದಿದ್ದೆಲ್ಲಾ ಮಾಡಿ, ಮುದ್ದೆ ಸಾರು, ಕಜ್ಜಾಯ, ಬಟ್ಟೆ, ಬೀಡಿ ಸೇದ್ತಿದ್ರೆ ಬೀಡಿ, ಕುಡೀತಿದ್ರೆ ಅದೂ ಒಂದು ಕ್ವಾರ್ಟರು, ಎಲ್ಲಾ ಎಲೆ ಮುಂದೆ ಜೋಡ್ಸಿ, ಧೂಪ ಹಾಕಿ, ಬಾಗಿಲು ಮುಂದಕ್ಕೆ ಎಳ್ಕೊಂಡು ಮನೆಯೋರೆಲ್ಲಾ ಆಚೆ ಕೂರ್ತಾರೆ. ಸ್ವಲ್ಪ ಹೊತ್ತಾದ್ಮೇಲೆ ಬಾಗಿಲು ತೆಗೀತಾರೆ. ಒಳಗೆ ಏನು ನಡೀತು ಅಂತ ಯಾರೂ ನೋಡಲ್ಲ, ನೋಡೋ ಹಾಗಿಲ್ಲ. ಅವರು ಬಂದ್ರು, ಉಂಡ್ರು, ಹೋದ್ರು. ಆಮೇಲೆ ಆ ಎಡೆನ ನಾವೇ ಹಂಚ್ಕೊಂಡು ತಿಂತೀವಿ. ಬಾಗಿಲು ಮುಚ್ಚಿದಾಗ ಒಳಗಿಂದ ಅಪ್ಪನ ದನಿ ಕೇಳಿಸ್ಬಿಟ್ರೆ? ‘ಸಾರಿಗೆ ಉಪ್ಪು ಕಡಿಮೆ’ ಅಂತ? ಎಲ್ಲರೂ ಎದ್ದು ಓಡ್ತೀವಿ. ಸತ್ತವರನ್ನ ಕರೀತೀವಿ, ಊಟ ಹಾಕ್ತೀವಿ, ಬೈತೀವಿ, ಅಳ್ತೀವಿ, ಅವರು ಮಾತ್ರ ಸುಮ್ನಿರ್ಬೇಕು. ಅವರು ಸುಮ್ನಿದ್ರೇನೇ ನಮ್ಮ ಮಾತು ನಾವೇ ಕೇಳಿಸ್ಕೊಳ್ಳೋಕೆ ಆಗೋದು, ‘ಅವರಿದ್ದಿದ್ರೆ ಏನಂತಿದ್ರು’ ಅಂತ ನಾವೇ ಯೋಚ್ನೆ ಮಾಡಿ ನಾವೇ ಉತ್ತರ ಹೇಳ್ಕೊಳ್ಳೋಕೆ ಆಗೋದು. ಆ ಉತ್ತರ ನಮ್ಮೊಳಗಿರೋ ಅವರದ್ದು. ಬಾಟ್ ಆ ಕೆಲಸನ ನಮ್ಮ ಕೈಯಿಂದ ಕಿತ್ಕೊಳ್ಳುತ್ತೆ, ನಾವು ಯೋಚ್ನೆ ಮಾಡೋಕೆ ಮುಂಚೆನೇ ‘ಮಾರ್ಬಿಡು’ ಅಂದ್ಬಿಡುತ್ತೆ.

ಇನ್ನೊಂದು, ಎಡೆಗೆ ಒಂದು ದಿನ ಅಂತಿದೆ. ಹಾಲು ತುಪ್ಪಕ್ಕೆ ಒಂದು ದಿನ, ತಿಥಿಗೆ ಒಂದು ದಿನ, ವರ್ಷಕ್ಕೆ ಒಂದು ದಿನ. ಕರೆಯೋಕೂ ಕ್ರಮ ಇದೆ, ಕಳಿಸೋಕೂ ಕ್ರಮ ಇದೆ. ಈ ಆಪ್‌ಗಳಲ್ಲಿ ಕರೆಯೋ ಬಟನ್ ಮಾತ್ರ ಇರುತ್ತೆ. ಇದನ್ನ ನಾನೊಬ್ಬಳೇ ಹೇಳ್ತಿಲ್ಲ, 2024ರಲ್ಲಿ ಕೇಂಬ್ರಿಡ್ಜ್ ಯೂನಿವರ್ಸಿಟಿಯ ಹೊಲಾನೆಕ್, ನೊವಾಚಿಕ್ ಬಸಿನ್ಸ್ಕಾ ಅನ್ನೋ ಇಬ್ಬರು ಸಂಶೋಧಕರು ಇಂಥ ಬಾಟ್‌ಗಳಿಗೆ ಮರ್ಯಾದೆಯಿಂದ ವಿದಾಯ ಹೇಳೋ ವ್ಯವಸ್ಥೆ ಇರ್ಲೇಬೇಕು, ಒಂಥರಾ ಡಿಜಿಟಲ್ ಅಂತ್ಯಕ್ರಿಯೆ ಥರ, ಅಂತ ಬರೆದ್ರು. ಅವರು ಕಲ್ಪಿಸ್ಕೊಂಡ ಒಂದು ಉದಾಹರಣೆ ಕೇಳಿ, ಅಜ್ಜಿ ಬಾಟ್ ಹತ್ರ ಮೊಮ್ಮಗಳು ಅಡುಗೆ ವಿಷಯ ಮಾತಾಡಿದ್ರೆ ಅದು ಅಜ್ಜಿ ದನಿಯಲ್ಲೇ ಊಟ ಆರ್ಡರ್ ಮಾಡೋ ಆಪ್ ಜಾಹೀರಾತು ಹೇಳೋಕೆ ಶುರು ಮಾಡುತ್ತೆ. ನಗು ಬರುತ್ತೆ, ಆದ್ರೆ ಫ್ರೀ ಆಪ್ ನಡೆಸೋರಿಗೂ ದುಡ್ಡು ಎಲ್ಲಿಂದಲೋ ಬರ್ಬೇಕಲ್ಲ.

2020ರಲ್ಲಿ ಕೊರಿಯಾದ ಒಂದು ಟಿವಿ ಚಾನಲ್ಲು, 7 ವರ್ಷಕ್ಕೆ ತೀರಿಹೋದ ಮಗಳನ್ನ ವರ್ಚುವಲ್ ರಿಯಾಲಿಟಿಲಿ ಮಾಡಿ ತಾಯಿಗೆ ತೋರಿಸ್ತು, ನೋಡಿದೋರೆಲ್ಲಾ ಅತ್ರು, ಕೆಲವರು ಇದು ಕ್ರೌರ್ಯ ಅಂತ ಬೈದ್ರು. ಅದೇ ವರ್ಷ ಕೆನಡಾದ ಒಬ್ಬ ಯುವಕ, 8 ವರ್ಷದ ಹಿಂದೆ ತೀರಿಹೋದ ಹುಡುಗಿ, ಮದುವೆ ಆಗಬೇಕಿದ್ದವಳು, ಅವಳ ಹಳೇ ಮೆಸೇಜ್ ಹಾಕಿ ‘ಪ್ರಾಜೆಕ್ಟ್ ಡಿಸೆಂಬರ್’ ಅನ್ನೋ ವೆಬ್‌ಸೈಟಲ್ಲಿ ಅವಳ ಥರ ಬಾಟ್ ಮಾಡಿ ರಾತ್ರಿಯೆಲ್ಲಾ ಮಾತಾಡಿದ. ಅದರಲ್ಲಿ ಬಾಟ್‌ಗೆ ಆಯಸ್ಸು ಅಂತಿತ್ತು, ಮಾತಾಡಿದಷ್ಟೂ ಬ್ಯಾಟರಿ ಥರ ಇಳೀತಿತ್ತು, ಖಾಲಿ ಆದ್ರೆ ಮುಗೀತು. ಅವನು ಪೂರ್ತಿ ಇಳಿಸ್ಲಿಲ್ಲ, ಸ್ವಲ್ಪ ಉಳಿದಿರುವಾಗ್ಲೇ ನಿಲ್ಲಿಸ್ದ. ಇನ್ನೊಂದ್ಸಲ ಅವಳು ಸಾಯೋದನ್ನ ಯಾರು ನೋಡ್ತಾರೆ. ಈ ಎರಡರಲ್ಲೂ ನಂಗೆ ಸರಿ ಅನ್ಸೋದು ಏನಂದ್ರೆ ಅಲ್ಲಿ ಒಂದು ಕೊನೆ ಇತ್ತು. ಒಂದ್ಸಲ ಕಂಡ್ರು, ಬೀಳ್ಕೊಟ್ರು. ನಿಮ್ಮ ಮನೇಲಿ ನಡೀತಿರೋದು ಕೊನೆ ಇಲ್ಲದ್ದು, ಆಪ್‌ನೋರು ತಿಂಗಳ ಬಾಡಿಗೆ ಏರಿಸೋವರೆಗೂ, ಇಲ್ಲಾ ಅವರೇ ಬಾಗಿಲು ಹಾಕೋವರೆಗೂ.

ತುಳುನಾಡಿನ ಕಡೆ ಇನ್ನೂ ಸ್ವಾರಸ್ಯವಾಗಿದೆ, ಅಲ್ಲಿ ಮದುವೆಗೆ ಮುಂಚೆ ತೀರಿಹೋದ ಮಕ್ಕಳಿಗೆ ಎಷ್ಟೋ ವರ್ಷ ಆದ್ಮೇಲೆ ಆಟಿ ತಿಂಗಳಲ್ಲಿ ಮದುವೆ ಮಾಡ್ತಾರೆ, ಕುಲೆ ಮದಿಮೆ ಅಂತ. ಹಂಗೇ ಸತ್ತ ಇನ್ನೊಂದು ಮನೆಯ ಹುಡುಗನ್ನ ಹುಡುಕಿ, ಸಂಬಂಧ ಕೇಳಿ, ಸೀರೆ ಇಟ್ಟು, ಊಟ ಹಾಕಿ. ಪುತ್ತೂರು ಕಡೆ ಒಂದು ಕುಟುಂಬ 30 ವರ್ಷದ ಹಿಂದೆ ಕೂಸಾಗಿದ್ದಾಗಲೇ ಹೋದ ಮಗಳಿಗೆ ಗಂಡು ಬೇಕು ಅಂತ 2024ರಲ್ಲಿ ಪೇಪರಲ್ಲಿ ಜಾಹೀರಾತೇ ಕೊಟ್ಟಿತ್ತು. ಮೊದಲ ಸಲ ಕೇಳಿದಾಗ ನಂಗೂ ವಿಚಿತ್ರ ಅನ್ನಿಸ್ತು. ಆಮೇಲೆ ಹೊಳೀತು, ಆ ತಂದೆತಾಯಿ ಲೆಕ್ಕದಲ್ಲಿ ಆ ಮಗು 30 ವರ್ಷದಿಂದ ಬೆಳೀತಾ ಬಂದಿದೆ. ಸತ್ತವರೂ ಬದುಕಿರೋರ ಜೊತೆ ವಯಸ್ಸಾಗ್ತಾ ಬರ್ತಾರೆ. ನಿಮ್ಮಪ್ಪನ ಬಾಟು ಆ ಕೊನೇ ವಾಯ್ಸ್ ನೋಟಲ್ಲೇ ನಿಂತಿರುತ್ತೆ. 10 ವರ್ಷ ಆದ್ಮೇಲೆ ನಿಮ್ಮ ಮಗುಗೂ ಅದು ‘ಆಫೀಸ್ ಬಸ್ ಸಿಕ್ತಾ’ ಅಂತ ಕೇಳುತ್ತೆ.

ಒಂದೇ ಬಾಟು ಮನೆಯ ಒಬ್ಬೊಬ್ಬರಿಗೆ ಒಂದೊಂದು ಥರ ಆಗೋದು ನಿಮ್ಮ ಮನೇಲಿ ಮಾತ್ರ ಅಲ್ಲ. ಇಂಥ ಮೊದಮೊದಲ ಬಾಟ್‌ಗಳಲ್ಲಿ ಒಂದರ ಕಥೆನೂ ಹಂಗೇ. 2015ರ ನವೆಂಬರಲ್ಲಿ ಮಾಸ್ಕೋದಲ್ಲಿ ರೋಮನ್ ಮಜುರೆಂಕೊ ಅನ್ನೋ ಯುವಕ ಆಕ್ಸಿಡೆಂಟಲ್ಲಿ ತೀರಿಹೋದ. ಅವನ ಗೆಳತಿ ಯೂಜಿನಿಯಾ ಕುಯ್ಡಾ, ಟೆಕ್ ಕಂಪನಿ ನಡೆಸ್ತಿದ್ದವಳು, ಸ್ನೇಹಿತರ ಹತ್ರ ಎಲ್ಲಾ ಅವನ ಮೆಸೇಜ್ ಕೇಳಿ ಸುಮಾರು 8,000 ಸಾಲು ಕೂಡಿಸಿ 2016ರಲ್ಲಿ ಬಾಟ್ ಮಾಡಿದ್ಲು. ಅವನ ತಾಯಿಗೆ ಅದರಿಂದ ಸಮಾಧಾನ ಸಿಕ್ತು, ಕೆಲವು ಸ್ನೇಹಿತರು ಅದ್ರ ಹತ್ರ ಸುಳಿಯೋಕೂ ಒಪ್ಲಿಲ್ಲ. ಕುಯ್ಡಾ ಆಮೇಲೆ ಗಮನಿಸಿದ್ದು ಏನಂದ್ರೆ ಜನ ಆ ಬಾಟ್ ಏನು ಹೇಳುತ್ತೆ ಅಂತ ಕೇಳೋಕೆ ಬರ್ತಿರ್ಲಿಲ್ಲ, ತಾವು ಹೇಳ್ದೇ ಉಳಿದಿದ್ದನ್ನ ಹೇಳೋಕೆ ಬರ್ತಿದ್ರು. ಅಮ್ಮನೂ ಹಂಗೇನಾ ಅಂತ ನೋಡಿ. ಅದು ಉತ್ತರ ಕೊಡೋವಾಗ ಕೇಳ್ತಾರಾ, ಅಥ್ವಾ ಇವತ್ತು ತೆಂಗಿನಕಾಯಿ ಕೀಳಿಸ್ದೆ, ಮೋಟರ್ ಸುಟ್ಟೋಯ್ತು, ಅಂತ ತಾವೇ ಹೇಳ್ತಾ ಹೋಗ್ತಾರಾ? ಎರಡನೇದಾದ್ರೆ ಅವರಿಗೆ ಬೇಕಿರೋದು ರಾತ್ರಿ ಊಟ ಆದ್ಮೇಲೆ ಆ ದಿನದ ಸುದ್ದಿ ಕೇಳೋ ಒಂದು ಕಿವಿ. ಅದು ನೀವೂ ಆಗಬಹುದು ಅಂತ ಹೇಳಿದ್ರೆ ನಿಮಗೆ ಚುಚ್ಚುತ್ತೇನೋ, ಆದ್ರೂ ಹೇಳ್ತಿದೀನಿ. ಕುಯ್ಡಾ ಆಮೇಲೆ ರೆಪ್ಲಿಕಾ ಅನ್ನೋ ಆಪ್ ತಂದ್ಲು, ಅದು ಸತ್ತವರ ನಕಲಲ್ಲ, ಬರೀ ಜೊತೆಗಾರ ಬಾಟು. 2023ರ ಫೆಬ್ರವರಿಲಿ ಕಂಪನಿಯೋರು ಅದರಲ್ಲಿ ಒಂದು ಬದಲಾವಣೆ ಮಾಡಿದ್ರು, ರಾತ್ರೋರಾತ್ರಿ ಅದ್ರ ಮಾತಿನ ರೀತಿ ಬೇರೆ ಆಗೋಯ್ತು, ಬಳಸ್ತಿದ್ದ ಎಷ್ಟೋ ಜನ ಯಾರೋ ಸತ್ತೇಹೋದ ಹಾಗೆ ಗೋಳಾಡಿದ್ರು. ಅಮ್ಮಂಗೆ ಎರಡನೇ ಸಲ ಆ ಸಾವಿನ ಸುದ್ದಿ ಬರೋದು ಬೇಡ. ಅದಕ್ಕೇ ನೀವು ಗುಟ್ಟಾಗಿ ಡಿಲೀಟ್ ಮಾಡಿಸೋದಂತೂ ಬೇಡವೇ ಬೇಡ.

ಈಗ ತಮ್ಮ. ಇಡೀ ಕಾಗದದಲ್ಲಿ ಅವನ ಬಗ್ಗೆ ಇರೋದು ಜಗಳ ಒಂದೇ, ಬಿಟ್ರೆ ಒಂದು ಸಾಲು, ಮಣ್ಣಿಗೆ ಬರೋಕಾಗ್ಲಿಲ್ಲ ಅಂತ. ನೀವೂ ಅಮ್ಮನೂ ಅಪ್ಪನ ಕಾಲು ಮುಟ್ಟಿದ್ರಿ, ಬಾಯಿಗೆ ನೀರು ಬಿಟ್ರಿ, ಹಿಡಿ ಮಣ್ಣು ಹಾಕಿದ್ರಿ, ಹಾಲು ತುಪ್ಪಕ್ಕೆ ಹೋದ್ರಿ, ಬಂದೋರಿಗೆ ಕಾಫಿ ಕೊಟ್ಟು ಕೊಟ್ಟು ಸುಸ್ತಾದ್ರಿ. ಅವನಿಗೆ ಸಿಕ್ಕಿದ್ದು ಕೈ ನಡುಗ್ತಾ ಯಾರೋ ಹಿಡಿದ ಫೋನಲ್ಲಿ ಕಂಡ ಹೂವಿನ ಹಾರ, ಅದೂ ಮಧ್ಯ ಮಧ್ಯ ಸ್ಟಕ್ ಆಗ್ತಾ. ಕೈಯಾರೆ ಏನೂ ಮಾಡೋಕಾಗದ ಮಗ 6 ತಿಂಗಳಾದ್ಮೇಲೆ ಕೂತು ಅಪ್ಪನ ಒಂದೊಂದೇ ವಾಯ್ಸ್ ನೋಟ್ ಕೇಳಿ, ಸದ್ದು ತೆಗ್ದು, ಸಾಲಾಗಿ ಜೋಡಿಸಿದಾನೆ. ತಂಗಿ, ಅವನು ಮಾಡಿದ್ದು ತಿಥಿ. ಅವನಿಗೆ ಗೊತ್ತಿರೋ ವಿದ್ಯೆಲಿ ಮಾಡಿದಾನೆ. ನೀವು ‘ಅದನ್ನ ತೆಗೆದು ಬಿಸಾಕು’ ಅಂದಾಗ ಅವನಿಗೆ ಕೇಳಿಸಿದ್ದು ಬೇರೆನೇ ಇರುತ್ತೆ. ಬಾಟ್ ಇರ್ಬೇಕಾ ಬೇಡ್ವಾ ಅಂತ ಮಾತು ಶುರು ಮಾಡ್ಬೇಡಿ, ‘ಆ ನೋಟ್ ಎಲ್ಲಾ ಕೇಳುವಾಗ ನಿಂಗೆ ಹೆಂಗಾಯ್ತೋ’ ಅಂತ ಕೇಳಿ. ನಿಮಗೆ ರಾತ್ರಿ 9 ಆದಾಗ ಅವನಿಗೆ ಹಗಲು, ಭಾನುವಾರ ನೋಡಿ ಮಾಡಿ.

ಕಾನೂನಿನ ವಿಷಯ ಜಾಸ್ತಿ ಎಳೆಯಲ್ಲ. ಸತ್ತವರ ಖಾಸಗಿತನದ ಹಕ್ಕು ಅವರ ಜೊತೆಗೇ ಮುಗಿಯುತ್ತೆ, ಮನೆಯೋರಿಗೆ ಬರಲ್ಲ ಅಂತ ದೆಹಲಿ ಹೈಕೋರ್ಟ್ 2023ರಲ್ಲಿ ಒಬ್ಬ ನಟನ ತಂದೆ ಹಾಕಿದ ಕೇಸಲ್ಲಿ ಹೇಳಿದೆ. 2023ರ ಡೇಟಾ ರಕ್ಷಣಾ ಕಾಯ್ದೆಲಿ, ನಾನು ಹೋದ್ಮೇಲೆ ನನ್ನ ಡೇಟಾ ಹಕ್ಕು ಇವರು ನೋಡ್ಕೊಳ್ಳಲಿ ಅಂತ ನಾಮಿನಿ ಹಾಕೋ ಅವಕಾಶ ಇಟ್ಟಿದಾರೆ, ಬ್ಯಾಂಕಲ್ಲಿ ಹಾಕೋ ಥರ. ನಿಮ್ಮಪ್ಪ ಯಾರನ್ನೂ ಹಾಕಿರಲ್ಲ ಬಿಡಿ. ಆದ್ರೆ ಆ ಚಾಟಲ್ಲಿ ಅಪ್ಪನ ಮಾತಿನ ಜೊತೆ ನಿಮ್ಮ ಮಾತೂ ಇದೆ, ನೀವು ಬದುಕಿದೀರ, ನಿಮ್ಮನ್ನ ಕೇಳ್ದೇ ಅದು ಯಾವುದೋ ದೇಶದ ಸರ್ವರ್‌ಗೆ ಹೋಗಿದೆ. ಅದಕ್ಕೆ ಸಿಟ್ಟಾಗೋ ಹಕ್ಕು ನಿಮಗಿದೆ, ಆ ಸಿಟ್ಟನ್ನ ಮಾತ್ರ ಅಪ್ಪನ ಮಾತಿನ ಜೊತೆ ಕಲೆಸ್ಬೇಡಿ. ಗಾಯಕ ಎಸ್‌ಪಿಬಿ ಅವರ ದನಿನ ಒಂದು ತೆಲುಗು ಸಿನಿಮಾದೋರು ಎಐಯಿಂದ ಮಾಡ್ಕೊಂಡಾಗ ಅವರ ಮಗ ಲೀಗಲ್ ನೋಟಿಸ್ ಕಳಿಸಿದ್ರು, ಅವರ ತಕರಾರು ನಮ್ಮನ್ನ ಒಂದು ಮಾತು ಕೇಳ್ಲಿಲ್ಲ ಅನ್ನೋದು. ಮನೆಯೊಳಗೂ ಅದೇ ನ್ಯಾಯ ಅನ್ಸುತ್ತೆ ನಂಗೆ.

ಅಪ್ಪು ಹೋದ್ಮೇಲೆ ಅವರ ಕೊನೇ ಸಿನಿಮಾಗಳಲ್ಲಿ ಒಂದಾದ ‘ಜೇಮ್ಸ್’ 2022ರ ಮಾರ್ಚಲ್ಲಿ ಬಂದಾಗ ಅಪ್ಪು ಪಾತ್ರಕ್ಕೆ ಶಿವಣ್ಣ ದನಿ ಕೊಟ್ಟಿದ್ರು, ಮುಂದಿನ ತಿಂಗಳು ಟೆಕ್ನಾಲಜಿ ಬಳಸಿ ಅಪ್ಪು ದನಿಯಲ್ಲೇ ಮತ್ತೆ ಬಿಟ್ರು. ನಾನು ಎರಡೂ ನೋಡಿದೀನಿ. ಅಪ್ಪು ದನಿ ಕೇಳಿ ಮೈ ಜುಮ್ ಅಂದಿದ್ದು ನಿಜ. ಆದ್ರೆ ನಂಗೆ ಅಳು ತಡೆಯೋಕಾಗದೇ ಹೋಗಿದ್ದು ಮೊದಲನೇದ್ರಲ್ಲಿ, ತಮ್ಮನ ಮುಖಕ್ಕೆ ಅಣ್ಣ ಮಾತಾಡ್ತಿದ್ದ ಅದ್ರಲ್ಲಿ.

ಏನು ಮಾಡೋದು ಅಂತ ಕೇಳಿದ್ರಲ್ಲ. ಅಮ್ಮನ್ನ ಕೇಳಿ, ನೇರವಾಗಿ, ಪಕ್ಕದಲ್ಲಿ ಕೂತು, ‘ಅದ್ರ ಜೊತೆ ಮಾತಾಡಿದ್ರೆ ನಿಂಗೆ ಹೆಂಗನ್ಸುತ್ತಮ್ಮ’ ಅಂತ. ದಿನಾ ಅನ್ನೋದನ್ನ ವಾರಕ್ಕೆ ಒಂದಿನ ಮಾಡೋಣ್ವಾ ಅಂತ ಕೇಳ್ಬಹುದು, ಬೇಡ ಅಂದ್ರೆ ಒತ್ತಾಯ ಬೇಡ. ಅದು ‘ನಾನು’ ಅಂತ ಅಪ್ಪನ ಹೆಸರಲ್ಲಿ ಮಾತಾಡೋದನ್ನ ಬಿಟ್ಟು ‘ನಿಮ್ಮ ಯಜಮಾನ್ರು ಹಿಂಗೆ ಹೇಳಿದ್ರು’ ಅಂತ ಹಳೇ ಮೆಸೇಜನ್ನೇ ಓದಿ ಹೇಳೋ ಹಾಗೆ ಮಾಡೋಕೆ ಕೆಲವು ಆಪ್‌ಗಳಲ್ಲಿ ಆಗುತ್ತೆ, ತಮ್ಮಂಗೆ ಗೊತ್ತಿರುತ್ತೆ, ಈ ಒಂದು ಬದಲಾವಣೆಗೇ ಎಷ್ಟೋ ತಾಪತ್ರಯ ಕಡಿಮೆ ಆಗುತ್ತೆ. ವರ್ಷದ ತಿಥಿಗೆ ತಮ್ಮ ಬರ್ತಾನಾ ವಿಚಾರ್ಸಿ. ಬಂದ್ರೆ ಎಡೆ ಅವನೇ ಇಡ್ಲಿ, ಬಾಟ್ ಮುಚ್ಚೋದೋ ಇಟ್ಕೊಳ್ಳೋದೋ ಅವತ್ತು ಮೂರು ಜನ ಸೇರಿ ಮಾತಾಡ್ಕೊಳ್ಳಿ, ಅದಕ್ಕೆ ಮುಂಚೆ ಬೇಡ.

ನೀವು ಅರ್ಧ ಗಂಟೆ ಮಾತಾಡಿದ್ದು ತಪ್ಪಲ್ಲ. ಏನು ಮಾತಾಡಿದ್ರಿ ಅಂತ ಬರೆದಿಲ್ಲ, ನಾನೂ ಕೇಳಲ್ಲ.

ಇವತ್ತೇ ಮಾಡ್ಬೇಕಾದ ಇನ್ನೊಂದು ಕೆಲಸ ಇದೆ. ಒರಿಜಿನಲ್ ವಾಯ್ಸ್ ನೋಟ್ ಎಲ್ಲಾ, ತಮ್ಮ ಕ್ಲೀನ್ ಮಾಡೋಕೆ ಮುಂಚಿನವು, ನಿಮ್ಮ ಫೋನಿಂದಲೂ ಅವನ ಫೋನಿಂದಲೂ ತೆಗ್ದು ಎರಡು ಪೆನ್‌ಡ್ರೈವ್‌ಗೆ ಹಾಕಿ, ಫೋನ್ ಬದಲಾಯಿಸುವಾಗ ಎಷ್ಟು ಮನೆಗಳಲ್ಲಿ ಇವು ಹೋಗ್ಬಿಟ್ಟಿವೆ ಅಂತ ನಂಗೆ ಗೊತ್ತು. ಆಮೇಲೆ ಮುಂದಿನ ಸಲ ಊರಿಗೆ ಹೋದಾಗ ಅಮ್ಮನ ಜೊತೆ ಕೂತು ಅವನ್ನ ಹಾಕಿ ಕೇಳ್ಸಿ. ತಮ್ಮ ತೆಗೆದು ಬಿಸಾಕಿದ ಸದ್ದಿದ್ಯಲ್ಲ, ಕುಕ್ಕರ್ ವಿಷಲ್ಲು, ಹಿಂದೆಯಿಂದ ಅಮ್ಮ ‘ಸಾಕು ಇಡ್ರೀ ಫೋನು’ ಅನ್ನೋ ಥರ ಏನೋ ಕೂಗೋದು, ಅಪ್ಪ ಫೋನ್ ಸ್ವಲ್ಪ ದೂರ ಹಿಡ್ಕೊಂಡು ಅವರಿಗೆ ಏನೋ ಅನ್ನೋದು, ಅಲ್ಲಿ ಅವರು ಮಗಾ ಅಂತ ಕರೀತಿರಲ್ಲ.